ಥರ್ಜಾಳಿಗೆ ಮೇಝ್ ಹಿಡಿದದ್ದು

ಥರ್ಜಾ ಎಂಡಕಾಟ್ ಕುಳಿತು ಉಂಡದ್ದನ್ನು ಕಂಡವರು ಲಿಡ್ಡಕೂಂಬ್ ಹಳ್ಳಿಯಲ್ಲಿ ನಾಲ್ಕು ವರ್ಷಗಳಿಂದ ಯಾರೂ ಇರಲಿಲ್ಲ. ಆಲೂಗಡ್ಡೆ, ಈರುಳ್ಳಿ ತುಂಬಿ ಬೇಯಿಸಿದ ಕಡುಬನ್ನು ಕೈಯಲ್ಲಿ ಹಿಡಿದು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಲೇ ತಿನ್ನುತ್ತಿದ್ದಳು. ಕೊನೆಯ ತುತ್ತು ಬಾಯಲ್ಲಿರುವಾಗಲೇ ಕಾಲು ಹೊಸ್ತಿಲಾಚೆ ಇರುತ್ತಿತ್ತು. ಚರ್ಚಿಗೆ ಬಂದರೆ ಹಿಂದಿನ ಕಂಬಕ್ಕೆ ಒರಗಿ ನಿಲ್ಲುವಳು. ಪಾದ್ರಿಯ ಉಪದೇಶ ಸ್ವಲ್ಪ ಉದ್ದವಾಯಿತೋ, ತಿರುಗಿ ನೋಡಿದರೆ ಕಂಬ ಇರುತ್ತಿತ್ತು, ಥರ್ಜಾ ಇರುತ್ತಿರಲಿಲ್ಲ.

ಊರಿನ ಬೆನ್ನಿಗೇ ಡಾರ್ಟ್‌ಮೂರ್ ಬೋರೆ. ಕೊನೆಯ ಮನೆಯ ಬೇಲಿ ದಾಟಿದರೆ ಸಾಕು, ಕಣ್ಣು ಹರಿಯುವಷ್ಟು ದೂರ ಹುಲ್ಲು, ಜವುಗು, ತಲೆಯ ಮೇಲೆ ಬಂಡೆ ಹೊತ್ತ ಗುಡ್ಡ. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಅವಳು ಆ ಬೇಲಿ ದಾಟಿರುತ್ತಿದ್ದಳು. ಕಂಕುಳಲ್ಲಿ ಉಣ್ಣೆಯ ಉಂಡೆ, ಕೈಯಲ್ಲಿ ನಾಲ್ಕು ಕಡ್ಡಿ. ನಡೆಯುತ್ತಲೇ ಕಾಲುಚೀಲ ಹೆಣೆಯುವಳು. ಅದೇ ಅವಳ ಜೀವನ. ಕೈಗೆ ಕಣ್ಣು ಬೇಕಿರಲಿಲ್ಲ, ಕಣ್ಣಿಗೆ ಬೇರೆ ಕೆಲಸವಿತ್ತು.

ಆ ಕೆಲಸ ಶುರುವಾದದ್ದು ಸಾವಿರದ ಎಂಟುನೂರ ಎಂಬತ್ತೆಂಟನೆಯ ಇಸವಿಯ ನವೆಂಬರಿನಲ್ಲಿ. ಅವಳ ಗಂಡ ಈಲೈ ಚಳಿಗಾಲದ ಒಲೆಗೆ ಜವುಗುಮಣ್ಣಿನ ಹೆಂಟೆ ತರಲು ಸಣ್ಣ ಕುದುರೆಯನ್ನು ಹಿಡಿದುಕೊಂಡು ಬೋರೆ ಹತ್ತಿದ. ಮಾತು ಕಡಿಮೆ, ತೆರೆದ ಗೇಟು ಕಂಡರೆ ಅದು ಯಾರದ್ದೇ ಇರಲಿ ಮುಚ್ಚಿ ಮುಂದೆ ಹೋಗುವ ಮನುಷ್ಯ. ಹನ್ನೆರಡರ ಹೊತ್ತಿಗೆ ಮಂಜು ಇಳಿಯಿತು. ಮೂರರ ಹೊತ್ತಿಗೆ ಕುದುರೆ ಒಂದೇ ಮನೆಗೆ ಬಂತು. ಬೆನ್ನಿನ ಒಂದು ಬದಿಯ ಬುಟ್ಟಿ ತುಂಬಿತ್ತು, ಇನ್ನೊಂದು ಬದಿಯದು ಬರಿದು. ಕಲ್ಲುಗಣಿಯ ಆಳುಗಳೂ ಸುತ್ತಿನ ನಾಲ್ಕು ಹಳ್ಳಿಯವರೂ ಹನ್ನೆರಡು ದಿನ ಹುಡುಕಿದರು. ಟೋಪಿ ಸಿಗಲಿಲ್ಲ, ಬೂಟು ಸಿಗಲಿಲ್ಲ, ಮಣ್ಣು ಕಡಿಯುವ ಗುದ್ದಲಿಯೂ ಸಿಗಲಿಲ್ಲ. ಕ್ರಿಸ್‌ಮಸ್ ಕಳೆದ ಮೇಲೆ ಗಾಡಿಯವನೊಬ್ಬ ಪ್ಲಿಮತ್ ಬಂದರಿನಲ್ಲಿ ಈಲೈಯ ಹಾಗಿರುವವನು ಹಡಗು ಹತ್ತುವುದನ್ನು ಕಂಡೆ ಎಂದ. “ಮುಖ ನೋಡಿದ್ಯಾ?” ಎಂದು ಕೇಳಿದರೆ, “ಬೆನ್ನು ನೋಡ್ದೆ. ಬೆನ್ನು ಅವಂದೇ,” ಎಂದ. ಅಲ್ಲಿಂದ ಊರು ಎರಡಾಯಿತು. ಅರ್ಧ ಊರಿಗೆ ಈಲೈ ಹುದುಲಿನಲ್ಲಿ ಹೂತುಹೋದವನು, ಇನ್ನರ್ಧಕ್ಕೆ ಹೆಂಡತಿಯನ್ನು ಬಿಟ್ಟು ಓಡಿದವನು.

ಥರ್ಜಾ ಎರಡೂ ಕಡೆ ಸೇರಲಿಲ್ಲ. ಬೋರೆಯನ್ನು ಹೊಲ ಉಳುವ ಹಾಗೆ ಪಟ್ಟಿ ಪಟ್ಟಿಯಾಗಿ ನಡೆದಳು. ಮೊದಲ ವರ್ಷ ಅದು ಹುಡುಕಾಟವೇ. ಎರಡನೆಯ ವರ್ಷ ಹುಡುಕಿದ ಜಾಗವನ್ನೇ ಮತ್ತೆ ಹುಡುಕಿದಳು. ಮೂರನೆಯ ವರ್ಷದ ಹೊತ್ತಿಗೆ ಕಾಲಿಗೆ ಅವಳ ಅಪ್ಪಣೆ ಬೇಕಿರಲಿಲ್ಲ. ನಿಂತರೆ ಮೊಣಕಾಲಿನೊಳಗೆ ಇರುವೆ ಹರಿದಂತಾಗುತ್ತಿತ್ತು. ಮಲಗಿದರೆ ಹೊದಿಕೆ ಬೆಳಗಾಗುವಷ್ಟರಲ್ಲಿ ನೆಲದ ಮೇಲಿರುತ್ತಿತ್ತು. ಊರಿನವರು ಇದಕ್ಕೊಂದು ಮಾತು ಇಟ್ಟಿದ್ದರು. “ಪಾಪ, ಅವಳಿಗೆ ಮೇಝ್ ಹಿಡಿದಿದೆ.”

ಆ ಮಾತು ಡೆವನ್ ಸೀಮೆಯಲ್ಲಿ ಉಪ್ಪಿನ ಹಾಗೆ. ಎಲ್ಲದಕ್ಕೂ ಬೀಳುತ್ತದೆ. ಅದನ್ನು ಯಾರೂ ನಾಲಿಗೆಯ ಮೇಲಿಟ್ಟು ರುಚಿ ನೋಡಿದವರಲ್ಲ, ಪಾಸ್ಕೋ ಮೇಷ್ಟರೊಬ್ಬರನ್ನು ಬಿಟ್ಟು.

ಪಾಸ್ಕೋ ಮೇಷ್ಟರು ಊರಿನ ಶಾಲೆಯವರು. ನದಿಯಾಚೆಯ ಕಾರ್ನ್‌ವಾಲ್‌ನಿಂದ ಮೂವತ್ತು ವರ್ಷದ ಹಿಂದೆ ಬಂದು, ಮಂಡಿ ಕೆಟ್ಟು, ಇಲ್ಲೇ ಉಳಿದವರು. ದೂರದ ಪಟ್ಟಣದ ಪಂಡಿತರು ಹಳ್ಳಿಗರ ಮಾತುಗಳ ದೊಡ್ಡ ಪುಸ್ತಕ ಮಾಡುತ್ತಿದ್ದರು. ಅವರಿಗೆ ಮೇಷ್ಟರು ಪದಗಳನ್ನು ಚೀಟಿಯಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದರು. ಮಂಡಿ ನೋವಿನವರು ಎಷ್ಟು ದೂರ ಹೋದಾರು? ಆದರೆ ಥರ್ಜಾ ಹೋಗುತ್ತಿದ್ದಳು. ಬೋರೆಯ ಸುತ್ತಿನ ಹನ್ನೊಂದು ಕಣಿವೆಗಳಲ್ಲಿ ಅವಳು ನೀರು ಕೇಳದ ಮನೆ ಇರಲಿಲ್ಲ. ಬೇರೆಯವರು ಮೇಷ್ಟರ ಮನೆಗೆ ಮೊಟ್ಟೆ ಕೊಟ್ಟಂತೆ ಇವಳು ಪದ ತಂದು ಕೊಡುತ್ತಿದ್ದಳು.

“ಇವತ್ತೇನು ತಂದ್ರಿ?” ಎನ್ನುವರು ಮೇಷ್ಟರು, ಶಾಯಿ ಕುಡಿಕೆಯ ಮುಚ್ಚಳ ತೆಗೆಯುತ್ತ.

“ವಿಡನ್ ಕಣಿವೆಯೋರು ಸಂಜೆ ಮಬ್ಬಿಗೆ ‘ಡಿಂಪ್ಸಿ’ ಅಂತಾರೆ.”

“ಅದು ಇಲ್ಲೂ ಇದೆಯಲ್ಲ.”

“ಇಲ್ಲಿ ಮಬ್ಬಾದ್ಮೇಲೆ ಅಂತೀವಿ. ಅವ್ರು ಇನ್ನೂ ಬೆಳಕಿರೋವಾಗ್ಲೇ ಅಂತಾರೆ. ಅವ್ರ ಗುಡ್ಡ ಎತ್ತರ, ಅದಕ್ಕೇ.”

ಮೇಷ್ಟರು ಅದನ್ನೂ ಬರೆದುಕೊಳ್ಳುವರು. ಅವಳು ಬೆಂಚುಗಳ ನಡುವೆ ಅತ್ತಿಂದಿತ್ತ ನಡೆಯುತ್ತಿರುವಳು. ಚಹಾ ಕೊಟ್ಟರೆ ಕಿಟಕಿಯ ದಂಡೆಯ ಮೇಲಿಟ್ಟು, ಪ್ರತಿ ಸುತ್ತಿಗೆ ಒಂದು ಗುಟುಕು.

ತೊಂಬತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಒಂದು ದಿನ ಅವಳೇ ಕೇಳಿದಳು. “ಮೇಷ್ಟ್ರೇ, ಎಲ್ರೂ ನಂಗೆ ಮೇಝ್ ಮೇಝ್ ಅಂತಾರಲ್ಲ. ಆ ಮಾತು ಬಂದಿದ್ದೆಲ್ಲಿಂದ?”

ಮೇಷ್ಟರ ಮುಖ ಕೆಂಪಾಯಿತು. ಮರುಗಳಿಗೆಯೇ ಖುಷಿಯೂ ಆಯಿತು. ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಿದರಲ್ಲ! “ಆ ಚೀಟಿ ಬರೆದು ಎರಡು ವರ್ಷವಾಯ್ತು. ಹಳೇ ಮಾತು ಕಣ್ರೀ, ಆರುನೂರು ವರ್ಷದ್ದು. ಆಗ ಅದರ ಅರ್ಥ ತಲೆಗೆ ಕವಿಯೋ ಮಂಕು. ದಿಕ್ಕು ತಪ್ಪೋದು, ಕನಸು ಕಂಡ ಹಾಗೆ ಆಡೋದು. ನೂರು ವರ್ಷ ಕಳೆದ ಮೇಲೆ ಆ ಮಾತು ತಲೆಯಿಂದ ನೆಲಕ್ಕೆ ಇಳೀತು. ದೊಡ್ಡೋರ ತೋಟದಲ್ಲಿ ಬೇಲಿ ಬೆಳೆಸಿ ಸುತ್ತು ದಾರಿ ಮಾಡ್ತಾರೆ ನೋಡಿ, ಒಳಗೆ ಹೋದೋರಿಗೆ ಹೊರಗೆ ಬರೋಕೆ ಗೊತ್ತಾಗಬಾರದು, ಅದಕ್ಕೂ ಮೇಝ್ ಅಂತಲೇ ಕರೆದ್ರು. ಬೇಲಿ ಆಮೇಲಿನದು. ಮನುಷ್ಯನ ತಲೆ ಮೊದಲು.”

“ಮತ್ತೆ? ತಲೆ ಕೆಟ್ಟೋನು ಇದ್ದಿದ್ಕೇ ಅಂಥ ಬೇಲಿ ಹಾಕ್ದ,” ಎಂದಳು ಥರ್ಜಾ. “ಆರುನೂರು ವರ್ಷಕ್ಕೂ ಮುಂಚೆ?”

“ಅದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ದೊಡ್ಡೋರು ಆಶ್ಚರ್ಯ ಆದ್ರೆ ‘ಅಮೇಝ್’ ಆದೆ ಅಂತಾರಲ್ಲ, ಅದೂ ಇದೇ ಬೇರು. ಮೊದ್ಲು ಅದಕ್ಕೆ ತಲೆಗೆ ಏಟು ಬಿದ್ದು ಮಂಕಾಗೋದು ಅಂತ ಅರ್ಥ ಇತ್ತು, ಈಗ ಸವೆದು ಮೆತ್ತಗಾಗಿದೆ. ಇನ್ನು ಉತ್ತರ ಸಮುದ್ರದಾಚೆ ನಾರ್ವೆಯೋರ ಹತ್ರ ಇದೇ ಥರದ ಮಾತೊಂದಿದೆಯಂತೆ. ಅದಕ್ಕೆ ಅರ್ಥ ಬಿಡುವಿಲ್ಲದೆ ಒದ್ದಾಡೋದು, ದಣಿದರೂ ನಿಲ್ಲದೆ ಇರೋದು. ಅದು ಇದರ ಅಕ್ಕನೋ ಅಲ್ಲವೋ ಅಂತ ಪಂಡಿತರು ಇನ್ನೂ ಜಗಳ ಆಡ್ತಿದ್ದಾರೆ.”

ಥರ್ಜಾ ಆ ಸುತ್ತಿನಲ್ಲಿ ಚಹಾ ಕುಡಿಯುವುದನ್ನು ಮರೆತಳು. “ಜಗಳ ಯಾಕೆ? ನನ್ನ ಕೇಳಿದ್ರೆ ಹೇಳ್ತಿದ್ದೆ,” ಎಂದು ಉಣ್ಣೆಯ ಉಂಡೆ ಎತ್ತಿಕೊಂಡು ಹೊರಟುಹೋದಳು.

ಬೆಂಕಿ ಬಿದ್ದದ್ದು ಅದೇ ಅಕ್ಟೋಬರಿನಲ್ಲಿ.

ಅವಳ ಮನೆಯೂ ಮೈದುನ ರೂಬೆನ್‌ನ ಮನೆಯೂ ಒಂದೇ ಗೋಡೆಯ ಆಚೀಚೆ, ಒಂದೇ ಹುಲ್ಲಿನ ಸೂರಿನ ಕೆಳಗೆ. ಆ ದಿನ ಬೆಳಗ್ಗೆ ಹತ್ತು ಗಂಟೆಗೆ ಅವಳು ಹಂದಿಯ ಕೊಬ್ಬು ಕರಗಿಸಲು ಬಾಣಲೆಯನ್ನು ಒಲೆಯ ಮೇಲಿಟ್ಟಿದ್ದಳು. ರಸ್ತೆಯಲ್ಲಿ ಗೊರಸಿನ ಸದ್ದಾಯಿತು. ಒಂದು ಕುದುರೆ, ಸಣ್ಣದು, ಈಲೈಯದರ ಹಾಗೇ ಹಿಂದಿನ ಕಾಲು ತುಸು ಎಳೆದು ಹಾಕುವಂಥದ್ದು. ಬಾಗಿಲಿಗೆ ಬಂದಳು. ಪಾತ್ರೆ ಮಾರುವವನ ಕುದುರೆ ಅದು. ಕಂಡ ಕೂಡಲೇ ಗೊತ್ತಾಯಿತು. ಆದರೂ ಸೇತುವೆಯ ತನಕ ಅದರ ಹಿಂದೆ ಹೋದಳು. ಸೇತುವೆಯ ಮೇಲಿಂದ ಬೋರೆ ಕಂಡಿತು. ಮುಂದಿನದು ಕಾಲಿನ ಕೆಲಸ.

ಗುಡ್ಡದ ಅರ್ಧಕ್ಕೆ ಹೋಗಿ ತಿರುಗಿದಾಗ ಊರಿನ ಮೇಲೆ ಹೊಗೆ ಕಂಡಿತು. ಒಲೆಯ ಹೊಗೆ ಹಾಗಿರುವುದಿಲ್ಲ. ಕೈಯಲ್ಲಿದ್ದ ಹೆಣಿಗೆ ಎಲ್ಲಿ ಬಿತ್ತೋ. ಓಡಿ ಬಂದಾಗ ಊರಿನವರು ಕಾಲುವೆಯಿಂದ ಬಕೆಟ್ ಸಾಲು ಹಿಡಿದಿದ್ದರು. ರೂಬೆನ್ ಸೂರಿನ ಮೇಲೆ ನಿಂತು ಉರಿಯುವ ಹುಲ್ಲನ್ನು ಕೊಕ್ಕೆಯಿಂದ ಕಿತ್ತು ಎಸೆಯುತ್ತಿದ್ದ. ಅವನ ಹೆಂಡತಿ ಕೆಝಯಾ ಮೂರೂ ಮಕ್ಕಳನ್ನು ಎದುರಿನ ಗೋಡೆಗೆ ಸಾಲಾಗಿ ಕೂರಿಸಿ, ಬಾಯಲ್ಲಿ ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದಳು: ಒಂದು, ಎರಡು, ಮೂರು, ಒಂದು, ಎರಡು, ಮೂರು. ಕಿರಿಯದು ಹತ್ತು ತಿಂಗಳ ಕೂಸು. ಅದರ ತೊಟ್ಟಿಲಿನ ಮೇಲೆಯೇ ಸೂರು ಹೊತ್ತಿಕೊಂಡದ್ದು.

ಬೆಂಕಿ ಆರಿದಾಗ ಅರ್ಧ ಸೂರು ಹೋಗಿತ್ತು. ರೂಬೆನ್ ಮಸಿ ಮುಖದಲ್ಲಿ ಇಳಿದು ಬಂದ.

“ಅತ್ತಿಗೆ, ಎಲ್ಲಿಗೆ ಹೋಗಿದ್ರಿ?”

ಅವಳು ಗೋಡೆಗೆ ಕೂತ ಮಕ್ಕಳನ್ನು ನೋಡಿದಳು.

“ನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ದೆ. ಅವನು ನಂಗೂ ಅಣ್ಣ. ಆದ್ರೆ ನನ್ನ ಮಕ್ಕಳು ಸಾಯ್ಬೇಕಾ ಅವನಿಗೋಸ್ಕರ?”

ಥರ್ಜಾಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಹಗುರಾಗುತ್ತಿತ್ತು.

ಮಾರನೆಯ ದಿನ ರೂಬೆನ್ ಬಡವರ ಪರಿಹಾರದ ಅಧಿಕಾರಿಯ ಹತ್ತಿರ ಹೋಗಿ ಹೇಳಿದ: ನಮ್ಮತ್ತಿಗೆಗೆ ಮೇಝ್ ಹಿಡಿದಿದೆ, ಒಬ್ಬಳೇ ಒಲೆ ಹಚ್ಚಿದರೆ ಅಪಾಯ, ಏನಾದರೂ ಮಾಡಿ. ಯಾರಾದರೂ ವಯಸ್ಸಾದ ಹೆಂಗಸನ್ನು ಜೊತೆಗೆ ಇಡುತ್ತಾರೇನೋ ಎಂಬುದು ಅವನ ಎಣಿಕೆ. ಅಧಿಕಾರಿ ಹೊಸಬ, ಲಂಡನ್ ಕಡೆಯವನು, ಬಂದು ಆರು ತಿಂಗಳಾಗಿತ್ತು. ಊರೊಳಗೆ ಆರು ಮನೆಗಳಲ್ಲಿ ವಿಚಾರಿಸಿದ. ಆರೂ ಮನೆಯವರು ಮೇಝ್ ಎಂದರು. ಅವನಿಗೆ ಆ ಮಾತು ಹುಚ್ಚು ಎಂಬ ಒಂದು ಅರ್ಥದಲ್ಲಿ ಮಾತ್ರ ಗೊತ್ತಿತ್ತು. ಆರು ಸಲ ಅದನ್ನೇ ಬರೆದುಕೊಂಡ.

ಮುಂದಿನ ಮಂಗಳವಾರ ಅಧಿಕಾರಿಯ ಜೊತೆ ಡಾಕ್ಟರ್ ಲಾಸನ್ ಅವಳನ್ನು ಪರೀಕ್ಷಿಸಲು ಬಂದರು. ಉತ್ತರದ ಕಡೆಯ ತರುಣ, ಒಳ್ಳೆಯ ಮನುಷ್ಯ. ಒಳಗೆ ಬರುವಾಗ ಬೂಟಿನ ಕೆಸರು ಒರೆಸಿಕೊಂಡರು. ಥರ್ಜಾಳಿಗೆ ಕುರ್ಚಿ ತೋರಿಸಿದರು. ಅವಳು ಕುಳಿತಳು, ಎದ್ದಳು, ಕಿಟಕಿಗೆ ಹೋದಳು.

“ಇವತ್ತು ಯಾವ ವಾರ?”

“ಮಂಗಳವಾರ. ನಿನ್ನೆ ಬಟ್ಟೆ ಒಗೆದೆ.”

“ನಿಮ್ಮ ಗಂಡ ಬದುಕಿದ್ದಾರೋ, ತೀರಿಕೊಂಡಿದ್ದಾರೋ?”

“ನಿಮಗೆ ಗೊತ್ತಾದ್ರೆ ನಂಗೂ ಹೇಳಿ ಸ್ವಾಮಿ.”

“ಬೋರೆಯ ಮೇಲೆ ಅವರ ದನಿ ಕೇಳಿಸುತ್ತಾ?”

“ಒಂದೊಂದ್ಸಲ. ಗಾಳಿ ಅಂತ ಗೊತ್ತಿರುತ್ತೆ. ಗೊತ್ತಿದ್ರೂ ತಿರುಗಿ ನೋಡ್ತೀನಿ.”

ಡಾಕ್ಟರು ಮೊದಲ ಮಾತನ್ನು ಬರೆದುಕೊಂಡರು. ಉಳಿದದ್ದು ಅವಳು ಕಿಟಕಿಯ ಕಡೆ ಮುಖ ಮಾಡಿ ಹೇಳಿದ್ದರಿಂದ ಕೇಳಿಸಿತೋ ಇಲ್ಲವೋ.

“ಊರಿನೋರೆಲ್ಲ ನಿಮಗೆ ಮೇಝ್ ಹಿಡಿದಿದೆ ಅಂತಾರೆ. ನೀವೇನಂತೀರಿ?”

“ಇಲ್ಲ ಅಂದ್ರೆ ಸುಳ್ಳಾಗುತ್ತೆ. ಹಿಡಿದಿದೆ.”

ಡಾಕ್ಟರ ಲೇಖನಿ ನಿಂತಿತು. ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ಮೆಲ್ಲಗೆ, “ಹುಚ್ಚು, ಇವರ ಭಾಷೆಯಲ್ಲಿ,” ಎಂದ. ‘ತನಗೆ ಹುಚ್ಚು ಇರುವುದನ್ನು ರೋಗಿಯೇ ಒಪ್ಪಿಕೊಂಡಿದ್ದಾಳೆ’ ಎಂದು ಕಾಗದದ ಮೇಲೆ ಬಿತ್ತು.

ಗುರುವಾರ ಹತ್ತು ಗಂಟೆಗೆ ಮ್ಯಾಜಿಸ್ಟ್ರೇಟರು ಶಾಲೆಗೆ ಬರುತ್ತಾರೆ, ಅವರು ಸಹಿ ಹಾಕಿದರೆ ಅಲ್ಲಿಂದಲೇ ಗಾಡಿ ಜಿಲ್ಲೆಯ ಹುಚ್ಚಾಸ್ಪತ್ರೆಗೆ ಹೊರಡುತ್ತದೆ ಎಂದು ಅಧಿಕಾರಿ ಹೊರಗೆ ಬಂದು ರೂಬೆನ್‌ಗೆ ಹೇಳಿದ. ರೂಬೆನ್ ಸೂರಿಗೆ ಹೊಸ ಹುಲ್ಲು ಕಟ್ಟುತ್ತಿದ್ದವನು ಏಣಿಯಿಂದ ಇಳಿದ.

“ಹುಚ್ಚಾಸ್ಪತ್ರೆಗಾ? ನಾನು ಹುಚ್ಚು ಅಂದ್ನಾ? ಮೇಝ್ ಅಂದೆ!”

“ಎರಡೂ ಒಂದೇ ಅಲ್ವೇನಪ್ಪ?”

ರೂಬೆನ್ ಬಾಯಿ ತೆರೆದ. ಒಂದಲ್ಲ ಎಂದು ಅವನಿಗೆ ಗೊತ್ತಿತ್ತು. ಹೇಗೆ ಒಂದಲ್ಲ ಎಂದು ಹೇಳಲು ಬರಲಿಲ್ಲ.

ಥರ್ಜಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಅಧಿಕಾರಿಯನ್ನು ಕೇಳಿದಳು. “ಅಲ್ಲಿ ನಡೆಯೋಕೆ ಜಾಗ ಇದೆಯಾ?”

“ಅಂಗಳ ಇದೆಯಮ್ಮ. ಸುತ್ತ ಒಳ್ಳೆ ಗೋಡೆ ಇದೆ.”

“ಗೋಡೆಯಿಂದ ಗೋಡೆಗೆ ಎಷ್ಟು ಹೆಜ್ಜೆ?”

ಬುಧವಾರ ಇಡೀ ದಿನ ಅವಳು ಒಂದು ಕಡೆ ನಿಲ್ಲಲಿಲ್ಲ. ಬೆಳಗ್ಗೆ ಶಾಲು, ಎರಡು ಜೊತೆ ಕಾಲುಚೀಲ, ಒಂದು ಬ್ರೆಡ್ಡು ಗಂಟು ಕಟ್ಟಿ ಬೋರೆ ಹತ್ತಿದಳು. ಉತ್ತರಕ್ಕೆ ಹದಿನಾಲ್ಕು ಮೈಲಿ ನಡೆದರೆ ಓಕ್‌ಹ್ಯಾಂಪ್ಟನ್, ಅಲ್ಲಿಂದ ಎಲ್ಲಿಗಾದರೂ ಹೋಗಬಹುದು. ಅವಳನ್ನು ಬೋರೆಯ ಮೇಲೆ ಹಿಡಿಯಬಲ್ಲ ಗಂಡಸು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಹೊಳೆ ದಾಟುವ ಕಲ್ಲುಗಳ ತನಕ ಹೋದಳು. ಮೂರು ಕಲ್ಲು ದಾಟಿ ನಿಂತಳು. ಓಡಿಹೋದರೆ ಆ ಕಾಗದದಲ್ಲಿರುವುದು ನಿಜವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಊರು ಇನ್ನೊಂದು ಸಲ ಎರಡಾಗುತ್ತದೆ: ಥರ್ಜಾ ಹುದುಲಿಗೆ ಬಿದ್ದಳು ಎನ್ನುವವರು, ಓಡಿಹೋದಳು ಎನ್ನುವವರು. ಯಾರೋ ಒಬ್ಬರು ಅವಳನ್ನು ಹುಡುಕಲು ಹೊರಡಬೇಕಾಗುತ್ತದೆ. ನಡುಹೊಳೆಯ ಕಲ್ಲಿನ ಮೇಲೆ ನಿಂತು ಕೋಟನ್ನು ಬಿಚ್ಚಿ ಒಳಮೈ ಹೊರಗೆ ಮಾಡಿ ತೊಟ್ಟುಕೊಂಡಳು. ಬೋರೆಯ ಪುಟ್ಟ ಮಾಯಾಜೀವಿಗಳಾದ ಪಿಕ್ಸಿಗಳು ದಾರಿ ತಪ್ಪಿಸಿದಾಗ ಹಾಗೆ ಮಾಡಿದರೆ ದಾರಿ ತೆರೆಯುತ್ತದೆ ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ದಾರಿ ಏನೂ ತೆರೆಯಲಿಲ್ಲ. ಚಳಿ ಮಾತ್ರ ಜಾಸ್ತಿಯಾಯಿತು. ವಾಪಸು ಬಂದಳು. ಮತ್ತೆ ಹೋದಳು. ಸಂಜೆಯೊಳಗೆ ಹೊಳೆಗೂ ಮನೆಗೂ ಐದು ಸಲ ತಿರುಗಿದಳು.

ಅಷ್ಟರಲ್ಲಿ ರೂಬೆನ್ ಪಾಸ್ಕೋ ಮೇಷ್ಟರ ಮನೆಗೆ ಓಡಿದ್ದ. “ಮೇಷ್ಟ್ರೇ, ನನ್ನ ಬಾಯಿಂದ ಬಂದ ಮಾತಿಗೆ ನಾನಿಡದ ಅರ್ಥ ಇಟ್ಟಿದ್ದಾರೆ. ಅದನ್ನ ವಾಪಸ್ ತಗೊಳ್ಳೋದು ಹೇಗೆ?”

ಗುರುವಾರ ಶಾಲೆ ತುಂಬಿತು. ಮ್ಯಾಜಿಸ್ಟ್ರೇಟ್ ಕರ್ನಲ್ ಟ್ರೀಬಿ ಮೇಷ್ಟರ ಮೇಜಿನ ಹಿಂದೆ ಕುಳಿತರು. ಕಿವಿ ಸ್ವಲ್ಪ ಮಂದ, ಊಟದ ಹೊತ್ತಿಗೆ ಮನೆ ಸೇರುವ ಅವಸರ. ಬಾಗಿಲಾಚೆ ಗಾಡಿ ನಿಂತಿತ್ತು. ಥರ್ಜಾಳನ್ನು ಮಕ್ಕಳ ಬೆಂಚಿನ ಮೇಲೆ ಕೂರಿಸಿದರು. ಅವಳು ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿದುಕೊಂಡಳು. ಎದ್ದರೆ ಕೆಟ್ಟೆ ಎಂದು ಗೊತ್ತಿತ್ತು. ಪಾದಗಳು ಮಾತ್ರ ಬೆಂಚಿನ ಕೆಳಗೆ ತಮ್ಮಷ್ಟಕ್ಕೆ ನಡೆಯುತ್ತಿದ್ದವು.

ಕರ್ನಲ್ಲರು ಕಾಗದ ಓದಿದರು. “ಆರು ಜನ ನೆರೆಯವರು ಈಕೆಗೆ ಹುಚ್ಚು ಅಂದಿದ್ದಾರೆ. ಅಂದಿದ್ದೀರೋ, ಇಲ್ಲವೋ?”

“ನಾವಂದಿದ್ದು ಮೇಝ್ ಅಂತ, ದೊರೆ,” ಎಂದ ಕುರಿಗಳ ರೈತ ವಿಜರ್.

“ಹಾಗಂದ್ರೇನು?”

ನೀರು ಅಂದರೇನು ಎಂದು ಕೇಳಿದ ಹಾಗಾಗಿತ್ತು. ಕೊನೆಗೆ ಯೋ ಮನೆತನದ ಸೂಲಗಿತ್ತಿ ಅಜ್ಜಿ ಕೋಲು ಊರಿ ಎದ್ದಳು.

“ನಂಗೆ ದವಡೆ ಹಲ್ಲು ನೋವು ಬಂದಾಗ ಮೂರು ದಿನ ಮೇಝ್ ಹಿಡಿದಿತ್ತಪ್ಪ. ಹಲ್ಲು ಕಿತ್ರು, ಬಿಡ್ತು.”

“ತಲೇಲಿ ಹುಳ ಹೊಕ್ಕಿದ ಕುರಿ ಸುತ್ತಿದಲ್ಲೇ ಸುತ್ತುತ್ತಲ್ಲ, ಅದಕ್ಕೂ ಮೇಝ್ ಅಂತೀವಿ,” ಎಂದ ವಿಜರ್.

“ನೀನು ಎರಡನೇ ಹೆಂಡ್ತಿ ಹಿಂದೆ ಸುತ್ತೋವಾಗ್ಲೂ ಅಂದಿದ್ವಿ,” ಎಂದು ಹಿಂದಿನಿಂದ ಯಾರೋ ಕೂಗಿದರು. ವಿಜರ್‌ನ ಎರಡನೇ ಹೆಂಡತಿ ಅಲ್ಲೇ ಇದ್ದಳು. ಎಲ್ಲರಿಗಿಂತ ಜೋರಾಗಿ ನಕ್ಕಳು.

“ಸಂತೆ ಗದ್ದಲದಲ್ಲಿ ಮೇಝ್ ಹಿಡಿಯುತ್ತೆ.”

“ಹೆಣ ಹೊತ್ತ ಮನೇಲಿ ಹಿಡಿಯುತ್ತೆ.”

“ಆಪಲ್ ಸಾರಾಯಿ ಮೂರನೇ ಲೋಟಕ್ಕೆ ಹಿಡಿಯುತ್ತೆ. ದೊರೆ, ಆ ಲೆಕ್ಕಕ್ಕೆ ಹೋದ್ರೆ ಗಾಡಿ ಒಂದು ಸಾಲಲ್ಲ!”

ಕರ್ನಲ್ಲರು ಮೇಜು ಕುಟ್ಟಿದರು. “ಮೇಝ್ ಅಂದ್ರೆ ನಮ್ಮತ್ತೆಯ ತೋಟದಲ್ಲಿ ಬೇಲಿಯ ಸುತ್ತು ದಾರಿ ಇತ್ತು, ನಂಗೆ ಗೊತ್ತಿರೋದು ಅದೊಂದೇ.”

ಆಗ ಪಾಸ್ಕೋ ಮೇಷ್ಟರು ಚೀಟಿಗಳ ಕಟ್ಟು ಹಿಡಿದು ಎದ್ದರು. ಥರ್ಜಾಳಿಗೆ ಹೇಳಿದ್ದನ್ನೇ ಹೇಳಿದರು: ಮೊದಲು ತಲೆಯ ಮಂಕು, ಆಮೇಲೆ ನೆಲದ ಬೇಲಿ, ಹಳೆಯ ಪುಸ್ತಕಗಳಲ್ಲಿ ಬೆರಗಿಗೂ ದುಃಖಕ್ಕೂ ಕನವರಿಕೆಗೂ ಇದೊಂದೇ ಮಾತು, ಪಟ್ಟಣಗಳಲ್ಲಿ ಆ ಅರ್ಥ ಸತ್ತಿದೆ, ಡೆವನ್‌ನಲ್ಲಿ ಬದುಕಿದೆ. “ಈ ಚೀಟಿಗಳಲ್ಲಿ ನೂರಾ ನಲವತ್ತು ಪದ ನನಗೆ ತಂದುಕೊಟ್ಟವರು ಈ ಹೆಂಗಸೇ, ಸ್ವಾಮಿ. ಯಾವ ಕಣಿವೆಯಲ್ಲಿ ಯಾರು ಯಾವಾಗ ಅಂದರು ಅಂತ ಒಂದೊಂದಕ್ಕೂ ಹೇಳಿದ್ದಾರೆ. ಒಂದೂ ತಪ್ಪಿಲ್ಲ.”

ಡಾಕ್ಟರ್ ಲಾಸನ್ ಮುಂದೆ ಬಗ್ಗಿ ಕೇಳಿಸಿಕೊಳ್ಳುತ್ತಿದ್ದರು. ಅವರು ಎದ್ದು ನಿಂತು, “ನಾನು ಒಂದು ಭಾಷೆಯಲ್ಲಿ ಕೇಳಿದೆ, ಈಕೆ ಇನ್ನೊಂದರಲ್ಲಿ ಉತ್ತರ ಕೊಟ್ಟರು. ಆ ಸಾಲನ್ನು ಹೊಡೆದುಹಾಕುತ್ತೇನೆ,” ಎಂದರು.

ಕರ್ನಲ್ಲರು ಕಾಗದವನ್ನು ಇನ್ನೊಮ್ಮೆ ಓದಿದರು. ಆಮೇಲೆ, “ಪದದ ವಿಷಯ ಹಾಗಿರಲಿ. ಸೂರು ಸುಟ್ಟಿದ್ದು ಪದ ಅಲ್ಲವಲ್ಲ?” ಎಂದರು.

ಮೇಷ್ಟರ ಕಟ್ಟಿನಲ್ಲಿ ಅದಕ್ಕೆ ಚೀಟಿ ಇರಲಿಲ್ಲ.

ಥರ್ಜಾ ಬೆಂಚಿನ ಅಂಚು ಬಿಟ್ಟು ಎದ್ದಳು. “ಅದು ನಿಜ ದೊರೆ. ಬಾಣಲೆ ಇಟ್ಟಿದ್ದು ನಾನೇ, ಮರೆತಿದ್ದೂ ನಾನೇ. ಕುದುರೆ ಸದ್ದು ಕೇಳ್ತು. ನಮ್ಮದಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಹೋದೆ. ಇನ್ನೊಂದ್ಸಲ ಕೇಳಿದ್ರೆ ಹೋಗಲ್ಲ ಅಂತ ಮಾತು ಕೊಡೋಕಾಗಲ್ಲ. ಕೊಟ್ರೆ ಅದು ಸುಳ್ಳು. ಆ ಕೂಸು ಸತ್ತಿದ್ರೆ ನಾನೇ ಆ ಗಾಡಿ ಹತ್ತಿ ಕೂತಿರ್ತಿದ್ದೆ, ನೀವು ಬರೋವರೆಗೂ ಕಾಯ್ತಿರ್ಲಿಲ್ಲ.”

“ಹಾಗಾದ್ರೆ ನಾನೇನು ಮಾಡ್ಲಿ?” ಎಂದರು ಕರ್ನಲ್ಲರು. ಗದರಿಕೆಯಲ್ಲ, ಅವರಿಗೆ ನಿಜವಾಗಿ ತೋಚಿರಲಿಲ್ಲ. “ಈಕೆಯ ಹೊಣೆ ಯಾರು ಹೊರ್ತೀರಿ?”

ರೂಬೆನ್ ಟೋಪಿಯನ್ನು ತಿರುಗಿಸುತ್ತ ನಿಂತ. ಅವನ ಕಣ್ಣ ಮುಂದೆ ಇನ್ನೂ ಆ ತೊಟ್ಟಿಲಿತ್ತು. ಮಾತಾಡಿದವಳು ಕೆಝಯಾ. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೇಳಿದಳು.

“ಅಕ್ಕ ನನ್ನ ಒಲೇಲಿ ಉಣ್ಲಿ. ಅವಳ ಮನೇಲಿ ಬೆಂಕಿ ಬೇಡ. ಮೇಣದಬತ್ತೀನೂ ಬೇಡ. ಎಲ್ಲಿ ಬೇಕಾದ್ರೂ ನಡೀಲಿ, ನಡೆದ್ರೆ ಸೂರು ಸುಡಲ್ಲ. ಇಷ್ಟಕ್ಕೆ ಗಾಡಿ ಯಾಕೆ?” ಆಮೇಲೆ ಥರ್ಜಾಳ ಕಡೆ ತಿರುಗಿ, “ನಂಗೂ ನಿನ್ನ ಮೇಲೆ ಸಿಟ್ಟು ಹೋಗಿಲ್ಲ, ತಿಳ್ಕೋ. ಹೋಗೋವರೆಗೂ ಹೋಗಲ್ಲ. ಊಟಕ್ಕೆ ಮಾತ್ರ ಬಾ,” ಎಂದಳು.

ಕರ್ನಲ್ಲರು ಅದನ್ನೇ ಬರೆಸಿದರು. ಗಾಡಿ ಬರಿದೇ ಹೋಯಿತು.

ಊರು ಅದನ್ನು ಗೆಲುವು ಎಂದು ಕೊಂಡಾಡಿತು. ಥರ್ಜಾ ಆ ಸಂಜೆಯೇ ಇಕ್ಕಳ, ಬಾಣಲೆ, ಕಬ್ಬಿಣದ ಮಡಕೆ ಎಲ್ಲವನ್ನೂ ಹೊತ್ತು ವಾರಗಿತ್ತಿಯ ಮನೆಗೆ ಇಟ್ಟು ಬಂದಳು. ಒಲೆಯ ಬೂದಿ ಬಳಿದು ತೆಗೆದಳು. ಆ ಒಲೆಯನ್ನು ಅವಳು ಮದುವೆಯ ದಿನ ಹಚ್ಚಿದ್ದು. ಇಪ್ಪತ್ತು ವರ್ಷ ಅದು ಪೂರ್ತಿ ಆರಿರಲಿಲ್ಲ, ರಾತ್ರಿ ಹೆಂಟೆ ಮುಚ್ಚಿಟ್ಟರೆ ಬೆಳಗ್ಗೆ ಕೆಂಡ ಸಿಗುತ್ತಿತ್ತು. ಈಲೈ ಹೋದ ಮೇಲೂ ಆರಗೊಟ್ಟಿರಲಿಲ್ಲ. ಬೇರೆಯವರು ಅಂದ ಮಾತು ಅವಳನ್ನು ಅಷ್ಟು ಸುಟ್ಟಿರಲಿಲ್ಲ. ಆ ತಣ್ಣನೆಯ ಕಲ್ಲು ಸುಟ್ಟಿತು. ಆ ಚಳಿಗಾಲ ಮನೆಯೊಳಗೆ ಕೂರಲು ಇದ್ದ ಕೊನೆಯ ನೆಪವೂ ಹೋಗಿ, ಅವಳು ಮೊದಲಿಗಿಂತ ಹೆಚ್ಚು ನಡೆದಳು.

ಫೆಬ್ರವರಿಯಲ್ಲಿ ವಿಜರ್ ಬೋರೆಯ ಬೇಲಿಯ ಹತ್ತಿರ ಅವಳನ್ನು ತಡೆದ. “ಥರ್ಜಾ, ಹೇಗೂ ನಡೀತೀಯಲ್ಲ. ಮಂಜಿನಲ್ಲಿ ನನ್ನ ಹನ್ನೊಂದು ಕುರಿ ತಪ್ಪಿವೆ. ಗಬ್ಬದ ಕುರಿ. ಕಂಡ್ರೆ ಹೊಡ್ಕೊಂಡು ಬರ್ತೀಯಾ?”

“ಕಂಡ್ರೆ ಯಾಕೆ? ಅವು ಗಾಳಿಗೆ ಬೆನ್ನು ಕೊಟ್ಟು ಮಂಗನಬಂಡೆ ಹಿಂದೆ ನಿಂತಿರ್ತವೆ,” ಎಂದಳು ಅವಳು. ನಿಂತಿದ್ದವು. ಹತ್ತು ಬದುಕಿದ್ದವು.

ಅಲ್ಲಿಂದ ಶುರುವಾಗಿ ಸುತ್ತಿನ ರೈತರೆಲ್ಲ ತಪ್ಪಿದ ಕುರಿಗೆ, ಕುದುರೆಮರಿಗೆ ಅವಳನ್ನೇ ಕರೆಯತೊಡಗಿದರು. ಕಾಲುಚೀಲದ ಜೊತೆಗೆ ಅದೂ ಒಂದು ಸಂಪಾದನೆಯಾಯಿತು. ಮಂಜು ಬಿದ್ದ ದಿನ ಉಳಿದವರು ಮನೆ ಸೇರಿದರೆ ಅವಳು ಹೊರಡುವಳು. ಈಲೈ ಮಾತ್ರ ಸಿಗಲಿಲ್ಲ. ಹಡಗಿನಿಂದ ಕಾಗದವೂ ಬರಲಿಲ್ಲ, ಜವುಗಿನಿಂದ ಎಲುಬೂ ಬರಲಿಲ್ಲ.

ಕೆಝಯಾಳ ಸಿಟ್ಟು ಹೋಗಲು ಎರಡು ವರ್ಷ ಬೇಕಾಯಿತು. ಎಂದು ಹೋಯಿತು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಒಂದು ದಿನ ಸೌಟು ಕೈಯಲ್ಲಿ ಹಿಡಿದು ಕೇಳಿದಳು, “ಅಕ್ಕ, ಇನ್ನೂ ಭಾವನ್ನ ಹುಡುಕ್ತಿದ್ದೀಯಾ?”

ಥರ್ಜಾ ಬಾಗಿಲಿಗೂ ಒಲೆಗೂ ನಡುವೆ ಎಲ್ಲೋ ಇದ್ದಳು. “ಇಲ್ಲ ಕಣೆ. ಅದು ನಿಂತು ಎಷ್ಟೋ ದಿನ ಆಯ್ತು.”

“ಮತ್ಯಾಕೆ ತಿರುಗ್ತೀಯ?”

“ಕಾಲಿಗೆ ಹೇಳೋರ್ಯಾರು?”

ಹಾಗೆಯೇ ಇಪ್ಪತ್ತು ವರ್ಷ ನಡೆದಳು. ಪಾಸ್ಕೋ ಮೇಷ್ಟರು ತೀರಿಕೊಂಡರು, ಪಂಡಿತರ ಪುಸ್ತಕ ಹೊರಬಂತು ಎಂದು ಪಾದ್ರಿ ಹೇಳಿದರು. ಅದನ್ನು ಆ ಊರಿನಲ್ಲಿ ಯಾರೂ ನೋಡಲಿಲ್ಲ. ಹತ್ತೊಂಬೈನೂರ ಹದಿಮೂರರ ಮಾರ್ಚಿನಲ್ಲಿ, ಅರವತ್ತೇಳನೆಯ ವಯಸ್ಸಿನಲ್ಲಿ, ವಿಜರ್‌ನ ಮಗನ ಎರಡು ಕುರಿಯನ್ನು ಹಿಮದಿಂದ ಹೊಡೆದುಕೊಂಡು ಬಂದು ಎದೆ ನೋವು ಎಂದು ಕೆಝಯಾಳ ಮಂಚದ ಮೇಲೆ ಮಲಗಿದಳು. ಮೂರು ದಿನ ಜ್ವರ. ಕೆಝಯಾ ಹೊದಿಸಿದ ಕಂಬಳಿಯನ್ನು ಕಾಲು ಒದ್ದು ಒದ್ದು ಕೆಳಗೆ ಹಾಕುತ್ತಿತ್ತು, ಅವಳು ಮತ್ತೆ ಹೊದಿಸುತ್ತಿದ್ದಳು. ಅಂದು ಬೆಂಕಿಯಿಂದ ಉಳಿದ ಕೂಸು ಈಗ ಇಪ್ಪತ್ತೊಂದರ ಯುವತಿ. ಅವಳು ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಪಾದದ ಹತ್ತಿರ ಇಡುತ್ತಿದ್ದಳು. ನಾಲ್ಕನೆಯ ದಿನ ಮಧ್ಯಾಹ್ನ ಕಂಬಳಿ ಇಟ್ಟ ಕಡೆಯೇ ಇತ್ತು. ಕೆಝಯಾ ಅದನ್ನು ನೋಡಿ, 'ನಿದ್ದೆ ಬಂತು, ಸದ್ಯ' ಎಂದುಕೊಂಡು ಸದ್ದಾಗದ ಹಾಗೆ ಪಾತ್ರೆ ತೊಳೆಯಲು ಹೋದಳು. ತೊಳೆದು ಮುಗಿಸಿ ಬಂದ ಮೇಲೆಯೇ ಅವಳಿಗೆ ತಿಳಿದದ್ದು.